ಕೆಳಗಿನ ಮನೆಯ ಮಾಜಿ ಮೇಯರ್

ಅವರು ಕೂತು ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಎತ್ತರದ, ತುಸು ಬಾಗಿದ ಮೈ. ಕೈಯಲ್ಲಿ ಕಪ್ ಹಿಡಿದು ನಮ್ಮ ಅಡುಗೆಮನೆಯ ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದರು. ಕಾಫಿ ಅರ್ಧ ಹೊಟ್ಟೆಗೆ, ಅರ್ಧ ಅಂಗಿಯ ತೋಳಿಗೆ.

ವುಡ್‌ಬ್ರಿಡ್ಜ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಗಿನ ಮನೆ. ಕೆರಿಬಿಯನ್ ದ್ವೀಪವೊಂದರ ಕವಿ, ನಾಟಕಕಾರ, ಬರೆಯುತ್ತಿದ್ದುದು ಫ್ರೆಂಚಿನಲ್ಲಿ. ತಮ್ಮೂರಿಗೆ ಬಹುಕಾಲ ಮೇಯರ್ ಆಗಿದ್ದು, ಕೊನೆಯ ಚುನಾವಣೆಯಲ್ಲಿ ಸ್ವಂತ ಶಿಷ್ಯನೆದುರೇ ಸೋತಿದ್ದರು. ಹೃದಯದ ಆಪರೇಷನ್ನಿಗೆಂದು ನರ್ಸ್ ಮಗಳು ಇಲ್ಲಿಗೆ ಕರೆತಂದಿದ್ದಳು. ಗುಣವಾದರೂ ಮನಸ್ಸು ಇಲ್ಲಿ ನಿಲ್ಲಲಿಲ್ಲ. ಮೊಬೈಲ್‌ನಲ್ಲಿ ದಿನವೂ ಊರಿನವರೊಡನೆ ಜಗಳ.

ನಾನು ಈ ಪರದೇಶದಲ್ಲಿ ನಮ್ಮ ಕನ್ನಡದವರಿಗಾಗಿ ನಾಟಕ ಬರೆಯುವವಳು. ಒಂದು ಭಾನುವಾರ ಅವರೂ ರಿಹರ್ಸಲ್‌ಗೆ ಬಂದರು. ಕನ್ನಡ ಒಂದಕ್ಷರ ಬಾರದು, ಕಥೆಯನ್ನಷ್ಟೇ ಹೇಳಿದ್ದೆ. ಚುನಾವಣೆ ಸೋತ ಮಂತ್ರಿಯ ಭಾಷಣಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ.

ಕಾರಿನಲ್ಲಿ ಕೇಳಿದರು: "ಮದಾಂ, ನಿಮ್ಮ ಮಂತ್ರಿಗೆ ಭಯವೇ ಇಲ್ಲವಲ್ಲ?"

"ಅದು ಕಾಮಿಡಿ ಅಲ್ವಾ?"

"ಸೋತ ಮಾರನೆಯ ದಿನ ಬ್ರೆಡ್ ತರುವುದಕ್ಕೂ ನಾನು ಹೆದರಿದ್ದೆ. ಅಂಗಡಿಯವಳು ಅಯ್ಯೋ ಪಾಪ ಅಂದುಬಿಟ್ಟರೆ?"

ನಾನು ಭಾಷಣ ತೆಗೆದುಹಾಕಿ, ಮಂತ್ರಿಯನ್ನು ಹಾಲಿನ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಪ್ರದರ್ಶನದ ದಿನ ಆ ದೃಶ್ಯಕ್ಕೆ ಸಭೆ ತೆಪ್ಪಗಾಯಿತು. ನಾಟಕ ಬರೆಯುವುದೆಂದರೇನು ಎಂದು ನನಗೆ ತಿಳಿದದ್ದು ಅಂದು.

ಆಮೇಲೆ ಅವರ ದ್ವೀಪಕ್ಕೆ ಚಂಡಮಾರುತ ಅಪ್ಪಳಿಸಿತು. ಮೇಯರ್ ಆಗಿದ್ದಾಗ ಅವರು ಕಟ್ಟಿಸಿದ ರಂಗಮಂದಿರದ ತಗಡಿನ ಮಾಡು ಹಾರಿಹೋಯಿತು. ಊರಿಗೆ ಹೊರಟು ನಿಂತರು. ಮಗಳು ಅತ್ತಳು, ಕೂಗಾಡಿದಳು, ಕೊನೆಗೆ ನನ್ನಲ್ಲಿಗೆ ಬಂದಳು: "ನೀವೇ ಏರ್‌ಪೋರ್ಟಿಗೆ ಬಿಡಿ ಆಂಟಿ. ನಾನು ಬಂದರೆ ತಡೆದುಬಿಡ್ತೀನಿ."

ನನ್ನ ಗಂಡನಿಗೆ ಸಿಟ್ಟು. "ಹಾರ್ಟ್ ಸರ್ಜರಿ ಆದೋರು ಕಣೇ! ಅಲ್ಲಿ ಕರೆಂಟೂ ಇಲ್ವಂತೆ."

"ಇಲ್ಲಿ ಇಟ್ಕೊಂಡ್ರೆ ನೆಮ್ಮದಿಯಾಗಿರ್ತಾರಾ, ಹೇಳಿ?" ಎಂದೆ.

ನೆವಾರ್ಕ್ ಏರ್‌ಪೋರ್ಟಿನ ದಾರಿಯಲ್ಲಿ ಕೇಳಿದೆ: "ಈಗ ನೀವು ಮೇಯರ್ ಅಲ್ಲ. ಅಲ್ಲಿ ಏನು ಮಾಡ್ತೀರಿ?"

"ಸೋತವನ ಕೈ ಖಾಲಿ ಇರುತ್ತೆ ಮದಾಂ. ತಗಡು ಹೊರಬಹುದು." ಒಳಗೆ ಹೋಗುವ ಮುನ್ನ, ಹೊಸ ನಾಟಕವೊಂದು ಅರ್ಧಕ್ಕೆ ನಿಂತಿದೆ, ಅಲ್ಲೇ ಮುಗಿಸುತ್ತೇನೆ ಎಂದರು.

ಮುಗಿಸಲಿಲ್ಲ. ರಂಗಮಂದಿರಕ್ಕೆ ಹೊದಿಸಿದ ಟಾರ್ಪಾಲಿನ ಕೆಳಗೆ ಊರಿನವರಿಗೆ ನಾಟಕದ ಮಾತು ಹೇಳಿಕೊಡುತ್ತಿದ್ದವರು ನಿಂತಲ್ಲೇ ಕುಸಿದರಂತೆ. ಅಂತ್ಯಕ್ರಿಯೆ ಮುಗಿಸಿ ಬಂದ ಮಗಳು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದಳು.

"ನಾಟಕ?" ಎಂದೆ.

"ಕೊನೆಯ ಅಂಕ ಊರಿನವರೇ ಬರೀತಿದ್ದಾರೆ. ಅಪ್ಪನನ್ನು ಸೋಲಿಸಿದವನೂ ಒಂದು ಪಾತ್ರ ಕೇಳಿದ್ದಾನೆ."

"ಕೊಟ್ಟರಾ?"

"ಅದಕ್ಕೇ ಜಗಳ ನಡೀತಿದೆ," ಎಂದು ನಕ್ಕವಳು, ನಗುತ್ತಲೇ ಬಿಕ್ಕಳಿಸಿ ನನ್ನ ಹೆಗಲಿಗೆ ಒರಗಿದಳು.