ಟೇಬಲ್ ಫ್ಯಾನಿನ ಗ್ರಾಫು

ಏಪ್ರಿಲ್ ಕೊನೆ. ಮುಲುಂಡಿಗೆ ಹೋಗುವ ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತ್ತು. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಅಡುಗೆಮನೆಗೆ ಬೇಕಾಗಿದ್ದ ಟೇಬಲ್ ಫ್ಯಾನಿನ ಬೆಲೆ ಆನ್‌ಲೈನ್‌ನಲ್ಲಿ ಹಿಂದೆ ಎಷ್ಟೆಷ್ಟಿತ್ತು ಎಂದು ಗ್ರಾಫ್ ನೋಡುತ್ತಿದ್ದೆ. ಅದಕ್ಕೆಂದೇ ಬ್ರೌಸರಿಗೆ ಎರಡು ಎಕ್ಸ್‌ಟೆನ್ಶನ್, ಅಂದರೆ ಬೆಲೆ ಕಾಯುವ ಪುಟ್ಟ ಪ್ರೋಗ್ರಾಮುಗಳನ್ನು, ಹಾಕಿಕೊಂಡಿದ್ದೆ. ಒಂದು 'ಈಗಲೇ ಕೊಳ್ಳಿ' ಅನ್ನುತ್ತಿತ್ತು, ಇನ್ನೊಂದು 'ಸ್ವಲ್ಪ ಕಾಯಿರಿ'. ಯಾವುದನ್ನು ನಂಬುವುದೆಂದು ತಿಳಿಯದೆ ಹದಿನೈದು ದಿನದಿಂದ ಒದ್ದಾಡುತ್ತಿದ್ದೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಕುತ್ತಿಗೆ ಚಾಚಿ, "ಯಾವ ಶೇರು?" ಎಂದು ಹಿಂದಿಯಲ್ಲಿ ಕೇಳಿದರು.

"ಶೇರಲ್ಲ, ಟೇಬಲ್ ಫ್ಯಾನು" ಎಂದೆ. ಎದುರಿನವರು ತಲೆ ಎತ್ತಿ ನೋಡಿ ನಕ್ಕರು.

ಹಿರಿಯರು ಮಾತ್ರ ನಗಲಿಲ್ಲ. "ನಾನು ಮನೆ ಕೊಡಿಸೋ ಬ್ರೋಕರ್. ಇವತ್ತೇ ತಗೊಳ್ಳಿ ಅನ್ನೋವನಿಗೆ ಕಮಿಷನ್ ಇರುತ್ತೆ. ನಾನೂ ಹಾಗೇ ಅನ್ನೋದು" ಎಂದು ಹೇಳಿ ಕುರ್ಲಾದಲ್ಲಿ ಇಳಿದುಹೋದರು.

ಅಲ್ಲೇ 'ಈಗಲೇ ಕೊಳ್ಳಿ' ಅನ್ನುತ್ತಿದ್ದ ಎಕ್ಸ್‌ಟೆನ್ಶನನ್ನು ಕಿತ್ತುಹಾಕಿ, 'ಕಾಯಿರಿ' ಅಂದದ್ದನ್ನು ಉಳಿಸಿಕೊಂಡೆ. ಅದು ಸುಳ್ಳು ಹೇಳಲಿಲ್ಲ. ದಿನಕ್ಕೆ ಹತ್ತು ಸಲ ತೆರೆದು ನೋಡಿದೆ. ಮಳೆ ಹಿಡಿದ ವಾರ ಬೆಲೆ ನಾನೂರು ರೂಪಾಯಿ ಇಳಿಯಿತು.

ನನ್ನ ಹೆಂಡತಿ ಧಾರವಾಡದವಳು. ಫ್ಯಾನಿನ ಡಬ್ಬ ಬಿಚ್ಚುತ್ತಾ ಕೇಳಿದಳು: "ಬ್ಯಾಸಗಿ ಪೂರ್ತಿ ಒಲಿ ಮುಂದ ನಾ ಬೆವತೆನಲ್ರೀ, ಅದರ ಗ್ರಾಫ್ ಯಾವುದರಾಗ ನೋಡ್ತೀರಿ?"

ಈಗ ಆ ಫ್ಯಾನು ಹಾಲ್‌ನಲ್ಲಿ ಒದ್ದೆ ಬಟ್ಟೆ ಒಣಗಿಸುತ್ತಿದೆ. ಉಳಿದ ಎಕ್ಸ್‌ಟೆನ್ಶನನ್ನೂ ತೆಗೆದುಹಾಕಲು ಕೂತವನು ಸುಮ್ಮನೆ ಒಮ್ಮೆ ಬೆಲೆ ನೋಡಿದೆ. ಇನ್ನೂ ಎಂಬತ್ತು ಇಳಿದಿದೆ.