ಮೇಲಿನ ಹಲಗೆಯ ಬೂಟು

ಹನೂರಿನಲ್ಲಿ ನನ್ನನ್ನು ಎಲ್ಲರೂ ಮಿಲಿಟ್ರಿ ತಾತ ಅಂತಲೇ ಕರೆಯುತ್ತಾರೆ. ಬೆನ್ನ ಮೇಲೆ ಮೂಟೆಯಷ್ಟು ಭಾರ ಹೊತ್ತು, ಎರಡೂ ಹಿಮ್ಮಡಿ ಬೊಬ್ಬೆ ಎದ್ದು ಸುಲಿದುಹೋದರೂ ನಿಲ್ಲದೆ ಹಿಮದಲ್ಲಿ ಮೂರು ದಿನ ನಡೆದ ಕಥೆಯನ್ನು ಟೀ ಅಂಗಡಿಯ ಬೆಂಚಿನ ಮೇಲೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಕಥೆಯಲ್ಲಿ ಹಿಮ ನಿಜ, ಬೊಬ್ಬೆಯೂ ನಿಜ. ನಡೆದವರು ಮಾತ್ರ ಬೇರೆ. ನಾನು ಹದಿನೈದು ವರ್ಷ ಸೈನ್ಯದ ಸ್ಟೋರಿನಲ್ಲಿ ಕೂತು ಬೂಟು ಕೊಡುತ್ತಿದ್ದವನು.

ಕಳೆದ ವರ್ಷ, ಸೈನ್ಯಕ್ಕೆ ಸೇರಿ ತರಬೇತಿಯಲ್ಲಿದ್ದ ಪಕ್ಕದ ಮನೆಯ ಹುಡುಗಿ ಕುಂಟಿಕೊಂಡು ರಜೆಗೆ ಬಂದಳು. ಹೊರೆ ಹೊತ್ತು ಇಪ್ಪತ್ತು ಕಿಲೋಮೀಟರ್ ನಡೆಯುವ ಪರೀಕ್ಷೆಯಲ್ಲಿ ಹಿಮ್ಮಡಿಗೆ ಬೊಬ್ಬೆ ಎದ್ದು ಅರ್ಧಕ್ಕೇ ಕೂತಿದ್ದಳು. ಇನ್ನೊಂದೇ ಅವಕಾಶ. ಅದರಲ್ಲೂ ಕೂತರೆ ಮನೆಗೆ ಕಳಿಸುತ್ತಾರಂತೆ. ಅವಳಮ್ಮ ಅವಳನ್ನು ಕರೆದುಕೊಂಡು ಟೀ ಅಂಗಡಿಗೇ ಬಂದಳು.

“ಮಾವ, ನೀವು ನಡ್ದವ್ರು. ಈ ಕಾಲ್ಗೆ ಏನಾರ ಒಂದು ದಾರಿ ಯೋಳಿ.”

ನಿಜ ಹೇಳಬಹುದಿತ್ತು. ಆದರೆ ಬೆಂಚು ತುಂಬ ಜನ ಕೂತಿದ್ದರು.

“ಗಾಯ ಒಣಗ್ಲಿ. ಆಮೇಲೆ ಬೂಟು ಬಿಚ್ಚಿಡವ್ವ,” ಅಂದೆ. “ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಓಗೋ ಜನ ನಾವು. ಕಾಲು ಗಟ್ಟಿಯಾದ್ರೆ ಬೂಟು ಏನ್ ಮಾಡದು?”

ಗಾಯ ಒಣಗಿದ ಮೇಲೆ ದಿನಾ ಬೆಳಿಗ್ಗೆ ಅವಳು ಬರಿಗಾಲಲ್ಲಿ ಕೊಳ್ಳೇಗಾಲದ ರಸ್ತೆ ಹಿಡಿದಳು. ಬೆನ್ನ ಚೀಲದಲ್ಲಿ ರಾಗಿ. ಹಿಂದೆ ಮೊಪೆಡ್ಡಿನ ಮೇಲೆ ಮಫ್ಲರ್ ಸುತ್ತಿಕೊಂಡ ನಾನು, “ಲೆಫ್ಟ್, ರೈಟ್” ಅನ್ನುತ್ತಾ. ಎಂಟು ದಿನಕ್ಕೆ ಅವಳ ಅಂಗಾಲು ಎತ್ತಿನ ಗೊರಸಿನಂತಾಯಿತು. ಒಂಬತ್ತನೇ ದಿನ ಬೂಟು ಹಾಕಿಸಿ ನಡೆಸಿದೆ. ಮೂರು ಕಿಲೋಮೀಟರಿಗೆ ಅದೇ ಹಿಮ್ಮಡಿ, ಅದೇ ಬೊಬ್ಬೆ. ಬರಿಗಾಲ ನಡಿಗೆ ಗಟ್ಟಿ ಮಾಡುವುದು ಅಂಗಾಲನ್ನು; ಬೂಟು ಕಚ್ಚುವುದು ಹಿಮ್ಮಡಿಯ ಹಿಂಬದಿಯನ್ನು. ಇಷ್ಟು ನನಗೆ ಹೊಳೆಯಲು ಆ ಹುಡುಗಿಯ ಕಾಲು ಇನ್ನೊಮ್ಮೆ ಸುಲಿಯಬೇಕಾಯಿತು.

ಟೀ ಅಂಗಡಿ ಮುಂದೆ ಚೀಲ ಇಳಿಸಿ ಅವಳು ಅತ್ತೇಬಿಟ್ಟಳು. ಅವತ್ತು ಯಳಂದೂರಿನಿಂದ ನಮ್ಮ ಬೀಗರು ಬೇರೆ ಬಂದಿದ್ದರು.

“ಚೀಲ ಒರೋದ್ರಲ್ಲೇ ಏನೋ ತೆಪ್ಪಾಗದೆ. ಬೀಗ್ರೇ, ಒಂದ್ಸಲ ನೀವೇ ಒತ್ಕಂಡು ತೋರ್ಸಿ,” ಅಂದರು.

ಕೂತಲ್ಲೇ ಪಟ್ಟಿಗೆ ತೋಳು ತೂರಿಸಿ ಎದ್ದೆ. ಎದ್ದೆ ಅಂದುಕೊಂಡೆ. ನೋಡಿದರೆ ಆಕಾಶ ಕಾಣುತ್ತಿತ್ತು. ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸುತ್ತಾ ರಾಗಿಯ ಮೇಲೆ ಮಲಗಿದ್ದೆ.

“ಏನ್ ಬೀಗ್ರೇ, ಹಿಮದ ಮ್ಯಾಲೂ ಇಂಗೇ ನಡುದ್ರಾ?”

ಅಳುತ್ತಿದ್ದ ಹುಡುಗಿಯೂ ನಕ್ಕಳು. ಮಲಗಿದ್ದ ಹಾಗೆಯೇ ಹೇಳಿದೆ: “ನಾನು ನಡ್ದೇ ಇಲ್ಲ ಕಣವ್ವ. ಸ್ಟೋರಲ್ಲಿ ಬೂಟು ಕೊಡ್ತಿದ್ದೆ.”

ಅವಳು ನನ್ನನ್ನು ಎಬ್ಬಿಸಿ ಕೂರಿಸಿ, ಬೂಟು ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು.

“ಅಂಗಾರೆ ಇದ್ನಾದ್ರೂ ನೋಡಿ, ತಾತ.”

ಒಳಗೆ ಕೈ ಹಾಕಿದೆ. ತುದಿಯಲ್ಲಿ ಹತ್ತಿ ತುರುಕಿತ್ತು. ಹಿಮ್ಮಡಿ ಎದ್ದು ಎದ್ದು ಉಜ್ಜಿ ಒಳಗಿನ ಬಟ್ಟೆ ಸವೆದುಹೋಗಿತ್ತು.

“ನಿಂಗೆ ಐದನೇ ನಂಬರು. ಇದು ಏಳು. ಯಾರವ್ವ ಕೊಟ್ಟೋನು?”

“ಸ್ಟೋರಿನವ್ನು. ಇರೋದೇ ಇಷ್ಟು, ಹತ್ತಿ ತುರುಕ್ಕೋ ಅಂದ.”

ಅದು ನನ್ನ ಮಾತು. ಹದಿನೈದು ವರ್ಷ ನಾನು ಹೇಳಿದ್ದು ಅದನ್ನೇ. ಸಣ್ಣ ನಂಬರು ಕೇಳುವವರು ಕಡಿಮೆ ಅಂತ ಅವನ್ನು ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆವು. ಕೊಡಬೇಕಾದರೆ ಏಣಿ ಹತ್ತಬೇಕು. ನಾನು ಹತ್ತುತ್ತಿರಲಿಲ್ಲ. ಎಷ್ಟು ಜನ ಸಣ್ಣ ಕಾಲಿನವರು ಹತ್ತಿ ತುರುಕಿಕೊಂಡು ಹಿಮಕ್ಕೆ ಹೋದರೋ! ಈ ಬೆಂಚಿನ ಮೇಲೆ ನನ್ನವೆಂದು ಹೇಳಿಕೊಂಡ ಬೊಬ್ಬೆಗಳೆಲ್ಲ ಅವರವು, ಎಬ್ಬಿಸಿದವನು ನಾನು. ಇದನ್ನೂ ಅಲ್ಲೇ ಹೇಳಿದೆ. ಯಾರೂ ನಗಲಿಲ್ಲ.

ಅವಳು ಹೊರಡುವಾಗ ನನಗೆ ನಿಜವಾಗಿ ಗೊತ್ತಿದ್ದಷ್ಟನ್ನೇ ಹೇಳಿ ಕಳಿಸಿದೆ: ನಡೆದು ಕಾಲು ಊದಿಕೊಂಡಿರುವ ಸಾಯಂಕಾಲದ ಹೊತ್ತಿನಲ್ಲಿ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡು, ಸ್ಟೋರಿನವನು ಇಲ್ಲ ಅಂದರೆ ಮೇಲಿನ ಹಲಗೆ ತೋರಿಸು.

ಎರಡು ತಿಂಗಳಾದ ಮೇಲೆ ಫೋನ್ ಬಂತು.

“ತಾತ, ಮುಗುಸ್ದೆ! ಕೊನೆಯಿಂದ ಮೂರನೇವ್ಳು.”

“ಬೂಟು?”

“ಇರೋದೇ ಇಷ್ಟು ಅಂದ. ಏಣಿ ತಕಂಡು ನಾನೇ ಅತ್ತುದೆ. ಐದನೇ ನಂಬರು ದೂಳು ಇಡ್ಕಂಡು ಕೂತಿತ್ತು. ಅವನ್ಗೂ ಯೋಳಿವ್ನಿ ತಾತ, ರಿಟೈರ್ ಆದ್ಮೇಲೆ ನಮ್ಮೂರ್ಗೆ ಬಾ, ಬೆಂಚಲ್ಲಿ ನಮ್ ತಾತನ್ ಪಕ್ಕ ಜಾಗ ಅದೆ ಅಂತ.”