ಹಸಿ ಬಟ್ಟೆ

ಇದನ್ನು ಹೇಳಲು ಬಹಳ ವರ್ಷ ತಡಮಾಡಿದೆ. ಬಾಗಲಕೋಟೆಯ ಚಿತ್ರಕಲಾ ಕಾಲೇಜೊಂದರಲ್ಲಿ ನಾನು ಹಂಗಾಮಿ ಜವಾನನಾಗಿದ್ದೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಅಲ್ಲಿ ಜೇಡಿಮಣ್ಣಿನಲ್ಲಿ ತನ್ನ ಅಜ್ಜಿಯ ಮುಖ ಮಾಡುತ್ತಿದ್ದಳು. ನಾನು ಬೀಗ ಹಿಡಿದು ನಿಂತರೆ, "ಇನ್ನೊಂದ್ ಚೂರ್ ಐತ್ರಿ ಕಾಕಾ," ಎನ್ನುತ್ತಿದ್ದಳು. ಹೋಗುವಾಗ ಮಣ್ಣು ಒಣಗದಂತೆ ಹಸಿ ಬಟ್ಟೆ ಹೊದಿಸುತ್ತಿದ್ದಳು.

ಒಂದು ಶನಿವಾರ ಆ ಬಟ್ಟೆ ಹೊಲಸಾಗಿದೆಯೆಂದು ನಾನು ಒಗೆದು ಹಗ್ಗಕ್ಕೆ ಹಾಕಿದೆ. ಮತ್ತೆ ಹೊದಿಸಲು ಮರೆತೆ. ಸೋಮವಾರ, ಪರೀಕ್ಷೆಯ ದಿನ, ಅಜ್ಜಿಯ ಮುಖ ಬಿರುಕು ಬಿಟ್ಟಿತ್ತು.

"ಯಾರ್ ತಗದ್ರು ಬಟ್ಟಿ?" ಸರ್ ಗದರಿದರು.

ಹುಡುಗಿ ಹಗ್ಗದ ಕಡೆ ನೋಡಿದಳು, ನನ್ನನ್ನು ನೋಡಿದಳು. "ನಾನ ಹೊದಿಸೋದು ಮರ್ತೇನ್ರಿ ಸರ್."

ನಾನು ಬಾಯಿ ಬಿಡಲಿಲ್ಲ. ಆಕೆ ಫೇಲಾದಳು, ನನ್ನ ನೌಕರಿ ಉಳಿಯಿತು.

ಮರುದಿನ ಹೊಸ ಮಣ್ಣು ನಾದುತ್ತ, "ಬಟ್ಟಿ ಭಾಳ ಚೊಲೋ ಒಗದೀರಿ ಬಿಡ್ರಿ ಕಾಕಾ," ಎಂದು ನಕ್ಕಳು. ನಾನೂ ನಕ್ಕೆ; ತಪ್ಪಾಯಿತು ಎನ್ನಲಿಲ್ಲ. ಇಂದು ನಾನು ಉಣ್ಣುವ ರೊಟ್ಟಿ ಆ ಇಳಕಲ್ಲಿನ ಹುಡುಗಿ ಉಳಿಸಿಕೊಟ್ಟದ್ದು.